ಸಹಾಯ ಬೇಕು: ಸಿಂಧನೂರು ಕ್ಯಾಂಪಿನ ಬಂಗಾಳಿ ಕಥೆಗಳ ಬರಹಕ್ಕೆ

ಎಲ್ಲರಿಗೂ ನಮಸ್ಕಾರ್ರೀ. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ನೆಲೆಸಿದ ಬಂಗಾಳಿ ಹಿರಿಯರು ಹೇಳುವ ಕಥೆಗಳನ್ನು ರೆಕಾರ್ಡ್ ಮಾಡಿ ಬರಹಕ್ಕೆ ಇಳಿಸುತ್ತಿದ್ದೇವೆ: ಬೆಹುಲಾ–ಲಖಿಂದರ್ ಕಥೆ (ಹಾವು ಕಚ್ಚಿ ಸತ್ತ ಗಂಡನನ್ನು ಬದುಕಿಸಿಕೊಂಡ ಹೆಂಡತಿಯ ಕಥೆ), ದೋಣಿ ಹಾಡು, ಗಡಿ ದಾಟಿದ ನೆನಪು. ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಕ್ಕಳೂ ಓದಲೆಂದು ಒಂದು ಪುಟದಲ್ಲಿ ಕನ್ನಡ ಲಿಪಿಯ ಬಂಗಾಳಿ, ಎದುರು ಪುಟದಲ್ಲಿ ಕನ್ನಡ ಅನುವಾದ.

ತೊಡಕು ಲಿಪಿಯದ್ದೇ. ಬಂಗಾಳಿ ಲಿಪಿಯನ್ನು ಕನ್ನಡ ಲಿಪಿಗೆ ಬದಲಿಸುವ ಸಾಫ್ಟ್‌ವೇರ್ ಅಕ್ಷರಕ್ಕೆ ಅಕ್ಷರ ಇಟ್ಟು 'ಜಲ' ಎನ್ನುತ್ತದೆ, ಅಜ್ಜಿ ಅನ್ನುವುದು 'ಜೊಲ್'. ಅದಕ್ಕೇ ಕಿವಿಯಿಂದಲೇ ಬರೆಯಬೇಕು. ಕೋಲ್ಕತ್ತದ ಪುಸ್ತಕದ ಭಾಷೆಗೆ 'ತಿದ್ದುವವರು' ದಯವಿಟ್ಟು ಬೇಡ. ಪೂರ್ವ ಬಂಗಾಳದ ಆಡುಮಾತು ಗೊತ್ತಿರುವವರು ಬೇಕು.

ಇನ್ನೊಂದು, ಕಾಲರ್ ಮೈಕ್ ಯಾರಾದರೂ ಎರವಲು ಕೊಡುತ್ತೀರಾ? ಫೋನನ್ನು ದೂರ ಇಟ್ಟರೆ ಫ್ಯಾನ್ ಸದ್ದೇ ಮುಂದಾಗುತ್ತದೆ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಮೋನೋ ವೇವ್ ಫೈಲ್. ಗಂಟೆಗೆ ಸುಮಾರು 500 ಎಂಬಿ. ಹಾಗಾಗಿ ವಾಟ್ಸಾಪ್ ವಾಯ್ಸ್ ಮೆಸೇಜ್ ಬೇಡ, ಪೆನ್‌ಡ್ರೈವ್ ತನ್ನಿ.

ಒಪ್ಪಿಗೆ ಪತ್ರದ ಕನ್ನಡ ಕರಡು ಇದ್ದವರು ಹಂಚಿಕೊಳ್ಳಿ. ಪೌರತ್ವ, ಜಮೀನು ಕಾಗದದ ಮಾತು ಬಂದ ಭಾಗವನ್ನು ಹೇಳಿದವರು ಮತ್ತೊಮ್ಮೆ ಕೇಳಿ ಒಪ್ಪುವವರೆಗೆ ಅಚ್ಚಿಗೆ ಕೊಡಬಾರದು ಎಂಬ ಸಾಲು ಅದರಲ್ಲಿ ಇರಲೇಬೇಕು.