ದೋಣಿ ಕಟ್ಟೆಗೆ ಬಡಿಯದಂತೆ ನಡುವೆ ಇಳಿಬಿಡುವುದಕ್ಕೆ ಏನಂತೀರಿ?

ಗೆಳೆಯರೇ,

ತುಂಗೆಯ ಹಿನ್ನೀರಲ್ಲಿ ದೋಣಿ ಬಿಡುವ ಪರಿಚಯದವರೊಬ್ಬರು ಒಂದು ಫಲಕ ಬರೆಸಬೇಕು ಅಂತಿದ್ದಾರೆ. ಅಲ್ಲಿರುವುದು ಕಂಬ ನೆಟ್ಟು ಕಟ್ಟಿದ ಕಾಂಕ್ರೀಟ್ ಕಟ್ಟೆ. ದೋಣಿ ತಂದು ಅದಕ್ಕೆ ಕಟ್ಟುವಾಗ, ಕಟ್ಟಿ ಬಿಟ್ಟು ಹೋದಮೇಲೂ, ದೋಣಿಗೆ ಪೆಟ್ಟಾಗಬಾರದು. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಒಂದು ಸಲ ಓದಿದರೆ ಗೊತ್ತಾಗಬೇಕು. ಫೆಂಡರ್, ಕ್ಲೀಟ್, ಸ್ಪ್ರಿಂಗ್ ಲೈನ್ ಅಂತ ಬರೆದರೆ ಅವರಿಗೆ ಏನೂ ಹೊಳೆಯುವುದಿಲ್ಲ. ‘ಆಘಾತ ನಿರೋಧಕ’ ಅಂತ ಬರೆದರೆ ಇನ್ನೂ ಕಷ್ಟ. ದೋಣಿಯಿಂದ ದೋಣಿಗೆ ಕೂಗಿ ಹೇಳಲು ಆಗುವಂಥ ಪದಗಳು ಬೇಕು.

ಮೊದಲು ಫೆಂಡರ್. ದೋಣಿಯ ಮಗ್ಗುಲಿಗೂ ಕಟ್ಟೆಯ ಕಂಬಕ್ಕೂ ನಡುವೆ ಇಳಿಬಿಡುವ ಮೆತ್ತನೆಯ ವಸ್ತು ಅದು. ಗಾಳಿ ತುಂಬಿದ್ದು ಅಂಗಡಿಯಲ್ಲಿ ಸಿಗುತ್ತದೆ. 20 ಅಡಿ ದೋಣಿಗೆ ಸುಮಾರು 5 ಇಂಚು ದಪ್ಪದ್ದು ಬೇಕು ಅನ್ನುವುದು ಬಳಕೆಯ ಲೆಕ್ಕ. ನಮ್ಮ ಕಡೆ ಹಳೆ ಟೈರು ಕಟ್ಟುತ್ತಾರೆ. ಹಾಗಾದರೆ ಟೈರು ಅಂತಲೇ ಬರೆದುಬಿಡಿ, ಸಾಕಲ್ವಾ ಅಂತ ಒಬ್ಬರು ಕೇಳಿದರು. ನನಗೆ ಅದು ಸಾಲದು ಅನ್ನಿಸುತ್ತದೆ. ಫೈಬರ್ ದೋಣಿಗೆ ಬರೀ ಟೈರು ಕಟ್ಟಿದರೆ ಕಪ್ಪು ಗೀರು ಬೀಳುತ್ತದೆ. ಅದಕ್ಕೆ ಗೋಣಿಬಟ್ಟೆ ಸುತ್ತಬೇಕು. ನಾಳೆ ಟೈರಿನ ಬದಲು ಬೇರೇನೋ ತಂದರೆ ಫಲಕವನ್ನೇ ಬದಲಿಸಬೇಕಾಗುತ್ತದೆ.

ನನ್ನ ಮನಸ್ಸಿಗೆ ಬಂದ ಪದ ‘ಸಿಂಬೆ’. ಕೊಡ ಹೊರುವಾಗ ತಲೆಗೂ ಕೊಡಕ್ಕೂ ನಡುವೆ ಇಡುವ ಬಟ್ಟೆಯ ಅಥವಾ ಹುಲ್ಲಿನ ಸುತ್ತು. ಎರಡು ಗಟ್ಟಿ ವಸ್ತುಗಳ ನಡುವೆ ಕೂತು ಭಾರ ತಾಳಿಕೊಳ್ಳುವುದೇ ಅದರ ಕೆಲಸ. ಆಕಾರವೂ ಟೈರಿನದ್ದೇ. ಇನ್ನೊಂದು ಕಾರಣವೂ ಇದೆ. ರಬ್ಬರಿನ ಕಾಲಕ್ಕೆ ಮುಂಚೆ ಹಡಗಿನವರು ಹಗ್ಗವನ್ನೇ ದಪ್ಪಗೆ ಸುತ್ತಿ ಹೆಣೆದು ಫೆಂಡರ್ ಮಾಡಿಕೊಳ್ಳುತ್ತಿದ್ದರು. ಸುತ್ತಿ ಮಾಡಿದ್ದಕ್ಕೆಲ್ಲ ನಾವು ಸಿಂಬೆ ಅಂತೀವಿ, ಹಾವು ಸುತ್ತಿಕೊಂಡು ಮಲಗಿದರೂ ಸಿಂಬೆಯೇ. ‘ಸಿಂಬೆ ಇಳಿಸು’, ‘ಸಿಂಬೆ ಎತ್ತು’ ಅಂತ ಕೂಗಿದರೆ ನಾಲಿಗೆಗೂ ಸಲೀಸು. ಒಂದು ತಕರಾರು ಬರಬಹುದು: ಸಿಂಬೆ ಭಾರದ ಕೆಳಗೆ ಇರುವಂಥದ್ದು, ಪಕ್ಕದಲ್ಲಿ ನೇತಾಡುವಂಥದ್ದಲ್ಲ. ಈ ಮಾತು ಸರಿಯೇ. ಆದರೂ ‘ದಿಂಬು’ ಅನ್ನುವುದಕ್ಕಿಂತ ಇದು ವಾಸಿ. ಕರಾವಳಿಯಲ್ಲಿ ಮೀನುಗಾರರಿಗೆ ತಮ್ಮದೇ ಪದ ಇದ್ದರೆ ಅದೇ ಎಲ್ಲಕ್ಕಿಂತ ಮೇಲು, ದಯವಿಟ್ಟು ತಿಳಿಸಿ.

ಎರಡನೆಯದು ಕಟ್ಟೆಯ ಹೆಸರು. ಮಂಗಳೂರಿನ ಕಡೆ ಮೀನಿನ ದೋಣಿ ನಿಲ್ಲುವ ಜಾಗಕ್ಕೆ ಧಕ್ಕೆ ಅಂತಾರೆ. ದಕ್ಕೆ ಅಂತ ಅಲ್ಪಪ್ರಾಣದಲ್ಲೂ ಬರೆಯುತ್ತಾರೆ. ಮರಾಠಿಯ ಧಕ್ಕಾ ಪದಕ್ಕೂ ಇದೇ ಅರ್ಥ ಇದೆ, ಮುಂಬಯಿಯ ಭಾವೂಚಾ ಧಕ್ಕಾ ಹೆಸರು ಕೇಳಿರುತ್ತೀರಿ. ತಳ್ಳು, ಡಿಕ್ಕಿ ಅನ್ನುವ ಅರ್ಥವೂ ಮರಾಠಿಯ ಆ ಪದಕ್ಕೇ ಇದೆ. ಕನ್ನಡದಲ್ಲಿ ಆ ಅರ್ಥ ಪೆಟ್ಟು, ಹಾನಿ ಅಂತ ಬೆಳೆದಿದೆ. ‘ಮಾನಕ್ಕೆ ಧಕ್ಕೆ’ ಅನ್ನುವುದು ಘಟ್ಟದ ಮೇಲೂ ಕೆಳಗೂ ಬಳಕೆಯಲ್ಲಿದೆ. ಹಾಗಾಗಿ ಮಲೆನಾಡಿನ ಫಲಕದಲ್ಲಿ ‘ಧಕ್ಕೆಗೆ ದೋಣಿ ತರುವಾಗ’ ಅಂತ ಬರೆದರೆ ಓದಿದವರು ಪೆಟ್ಟು ಅಂತಲೇ ತಿಳಿಯುತ್ತಾರೆ. ಕರಾವಳಿಯವರಿಗೆ ಒಂದು ಪ್ರಶ್ನೆ: ಈ ಎರಡನ್ನೂ ನೀವು ಒಂದೇ ಥರ ಉಚ್ಚರಿಸುತ್ತೀರಾ, ಅಥವಾ ಮಾತಿನಲ್ಲಿ ವ್ಯತ್ಯಾಸ ಕೇಳಿಸುತ್ತದಾ? ನನ್ನ ಫಲಕದಲ್ಲಂತೂ ‘ಕಟ್ಟೆ’ ಅಂತಲೇ ಇಡುತ್ತೇನೆ. ಕಂಬ ಊರಿ ಕಟ್ಟಿದ್ದು ನೆಟ್ಟಕಟ್ಟೆ, ನೀರಿನ ಜೊತೆ ಏರಿ ಇಳಿಯುವುದು ತೇಲುಕಟ್ಟೆ.

ಈ ವ್ಯತ್ಯಾಸ ಸುಮ್ನೆ ಹೇಳುತ್ತಿಲ್ಲ. ತೇಲುಕಟ್ಟೆಯಲ್ಲಿ ದೋಣಿಯೂ ಕಟ್ಟೆಯೂ ಒಟ್ಟಿಗೆ ಏರುತ್ತವೆ, ಸಿಂಬೆ ಕಟ್ಟಿದ ಮಟ್ಟದಲ್ಲೇ ಇರುತ್ತದೆ. ನೆಟ್ಟಕಟ್ಟೆಯಲ್ಲಿ ದೋಣಿ ಮಾತ್ರ ಏರುತ್ತದೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ತುಂಬು ಮಟ್ಟ 1819 ಅಡಿ, ಬೇಸಿಗೆಯ ಕೊನೆಗೆ ನೀರು ಅದಕ್ಕಿಂತ ಹತ್ತಾರು ಅಡಿ ಕೆಳಗಿರುತ್ತದೆ. ಅಂಥ ಕಡೆ ನೆಟ್ಟಕಟ್ಟೆ ಅರ್ಧ ವರ್ಷ ಒಣಗಿ ನಿಲ್ಲುತ್ತದೆ. ತುಂಗೆಯ ಗಾಜನೂರು ಅಣೆಕಟ್ಟಿನ ಹಿನ್ನೀರಲ್ಲಿ ಅಷ್ಟು ಏರಿಳಿತ ಇಲ್ಲ. ಆದರೆ ಮಳೆಗಾಲದಲ್ಲಿ ಗೇಟು ತೆರೆದಾಗ ನೀರಿನ ಸೆಳೆತ ಶುರುವಾಗುತ್ತದೆ.

ಶರಾವತಿ ಹಿನ್ನೀರಿನ ಲಾಂಚ್ ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಹೋಗುವ ಲಾಂಚ್ ಕಟ್ಟೆಗೆ ಪಕ್ಕವಾಗಿ ನಿಲ್ಲುತ್ತಿರಲಿಲ್ಲ. ಇಳಿಜಾರು ದಡಕ್ಕೆ ನೇರ ಬಂದು, ಮುಂದಿನ ಹಲಗೆ ಇಳಿಸಿ, ಬಸ್ಸನ್ನೇ ಹತ್ತಿಸಿಕೊಳ್ಳುತ್ತಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಆ ಊರುಗಳ ಜನ ದಾಟುತ್ತಿದ್ದದ್ದು ಹಾಗೆಯೇ. ಹಾಗೆ ಬಂದು ನಿಲ್ಲುವ ಲಾಂಚಿಗೆ ಪಕ್ಕದ ಸಿಂಬೆಯ ಅಗತ್ಯ ಕಡಿಮೆ. ನಮ್ಮಲ್ಲಿ ದಡ ಹಾಯಿಸು, ದಡ ಮುಟ್ಟಿಸು ಅನ್ನುವ ಮಾತು ಬೇಕಾದಷ್ಟಿದೆ, ಪಕ್ಕವಾಗಿ ತಂದು ನಿಲ್ಲಿಸುವುದಕ್ಕೆ ಒಂದು ಮಾತು ಸಿಗುತ್ತಿಲ್ಲ. ಕಾರಣ ಇದೇ ಇರಬೇಕು ಅಂತ ನನ್ನ ಊಹೆ. ನಾನು ಯೋಚಿಸಿರುವುದು ಹೀಗೆ: ನೇರ ಬಂದರೆ ‘ಮೂತಿ ಕೊಡು’, ಪಕ್ಕವಾಗಿ ಬಂದರೆ ‘ಮಗ್ಗುಲು ಕೊಡು’. ‘ಗಾಳಿಗೆ ಎದುರಾಗಿ ನಿಧಾನ ಬಂದು ಮಗ್ಗುಲು ಕೊಡಿ’ ಅಂದರೆ ಮಾಡಬೇಕಾದ್ದು ಒಂದೇ ಸಾಲಿನಲ್ಲಿ ಮುಗಿಯಿತು. ಸೆಳೆತ ಜಾಸ್ತಿ ಇದ್ದರೆ ಗಾಳಿಯ ಬದಲು ಸೆಳೆತಕ್ಕೆ ಎದುರಾಗಿ ಬರಬೇಕು. ಎದುರಾಗಿ ಬಂದರೆ ನೀರೇ ವೇಗ ತಗ್ಗಿಸುತ್ತದೆ.

ಫಲಕದ ಕರಡಿನಲ್ಲಿ ‘ಹಾನಿಯಾಗದಂತೆ’ ಅಂತ ಎಲ್ಲ ಕಡೆ ಇತ್ತು. ಅದನ್ನು ತೆಗೆಸಿದ್ದೇನೆ. ದೋಣಿಗೆ ಆಗುವ ಒಂದೊಂದು ಪೆಟ್ಟಿಗೂ ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾಪದ ಇದೆ. ಜೋರಾಗಿ ಬಂದರೆ ಗುದ್ದುತ್ತದೆ. ಕಟ್ಟಿ ಬಿಟ್ಟರೆ ಅಲೆಗೆ ಉಜ್ಜುತ್ತದೆ. ರಾತ್ರಿ ನೀರು ಏರಿದರೆ ದೋಣಿಯ ಅಂಚು ಕಟ್ಟೆಯ ಹಲಗೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಇಳಿದರೆ ಹಗ್ಗಕ್ಕೆ ಜೋತು ಬೀಳುತ್ತದೆ. ಗುದ್ದುವುದಕ್ಕೆ ಮದ್ದು ನಿಧಾನ, ಉಜ್ಜುವುದಕ್ಕೆ ಸಿಂಬೆ, ಸಿಕ್ಕುವುದಕ್ಕೂ ಜೋತು ಬೀಳುವುದಕ್ಕೂ ಹಗ್ಗದ ಉದ್ದ. ಕ್ರಿಯಾಪದ ಸರಿಯಾಗಿ ಬಿದ್ದರೆ ಏನು ಮಾಡಬೇಕು ಅನ್ನುವುದು ತಾನೇ ಹೊಳೆಯುತ್ತದೆ.

ಹಗ್ಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲೇ ಪದ ಬೇಕಾಗಿರುವುದು. ಮೂತಿಯಿಂದ ಒಂದು, ಹಿಂದಿನಿಂದ ಒಂದು ಗಿಡ್ಡ ಹಗ್ಗ ಕಟ್ಟುವುದು ರೂಢಿ. ಆಗ ದೋಣಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಸಿಂಬೆ ಕಂಬದಿಂದ ಜಾರಿ ಖಾಲಿ ಜಾಗಕ್ಕೆ ಹೋಗುತ್ತದೆ, ಕಂಬ ಬರೀ ಮೈಗೆ ತಾಗುತ್ತದೆ. ಇದನ್ನು ತಡೆಯಲು ಮೂತಿಯಿಂದ ಹಿಂದಿನ ಕಂಬಕ್ಕೆ ಒಂದು, ಹಿಂಬದಿಯಿಂದ ಮುಂದಿನ ಕಂಬಕ್ಕೆ ಒಂದು, ಹೀಗೆ ಎರಡು ಉದ್ದನೆಯ ಹಗ್ಗ ಓರೆಯಾಗಿ ಎಳೆದು ಕಟ್ಟುತ್ತಾರೆ. ಇವೇ ಸ್ಪ್ರಿಂಗ್ ಲೈನ್. ಸ್ಪ್ರಿಂಗ್ ಅಂದ ಕೂಡಲೇ ಲೋಹದ ಸುರುಳಿ ನೆನಪಾಗುತ್ತದೆ, ದಾರಿ ತಪ್ಪಿಸುವ ಪದ. ‘ಓರೆಹಗ್ಗ’ ಅಂದರೆ ಹೇಗೆ ಕಟ್ಟಬೇಕು ಅನ್ನುವುದು ಹೆಸರಲ್ಲೇ ಬಂತು.

ಓರೆಹಗ್ಗ ಉದ್ದ ಇದ್ದಷ್ಟೂ ನೀರಿನ ಏರಿಳಿತ ಅದಕ್ಕೆ ಲೆಕ್ಕಕ್ಕಿಲ್ಲ. ಮಟ್ಟಸವಾಗಿ ಕಟ್ಟಿದ 1 ಮೀಟರ್ ಹಗ್ಗ ಇದೆ ಅಂದುಕೊಳ್ಳಿ. ನೀರು 1 ಮೀಟರ್ ಇಳಿದರೆ ಅದಕ್ಕೆ ಇನ್ನೂ 41 ಸೆಂ.ಮೀ. ಉದ್ದ ಬೇಕಾಗುತ್ತದೆ. ಸಿಗದಿದ್ದರೆ ಗೂಟ ಕಿತ್ತು ಬರಬೇಕು, ಇಲ್ಲವೇ ದೋಣಿ ಓರೆಯಾಗಬೇಕು. ಅದೇ 5 ಮೀಟರ್ ಹಗ್ಗವಾದರೆ ಬರೀ 10 ಸೆಂ.ಮೀ. ಸಾಕು. ನೈಲಾನ್ ಹಗ್ಗಕ್ಕೆ ಅಷ್ಟು ಹಿಗ್ಗುವ ಗುಣ ಇದೆ, ಜಗ್ಗಿದ ಪೆಟ್ಟನ್ನೂ ಅದು ತಾನೇ ತಿನ್ನುತ್ತದೆ. ಕಾಂಕ್ರೀಟ್ ಅಂಚಿಗೆ ತಾಗುವ ಕಡೆ ಹಳೆ ನೀರಿನ ಪೈಪಿನ ತುಂಡು ತೊಡಿಸಬೇಕು, ಇಲ್ಲದಿದ್ದರೆ ಅಲ್ಲೇ ಸವೆದು ಕಡಿಯುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಕಂಬ ಸಪೂರವಾಗಿದ್ದು ಸಿಂಬೆ ನಿಲ್ಲದಿದ್ದರೆ ಎರಡು ಸಿಂಬೆಗಳ ಹೊರಗಡೆ ಒಂದು ಹಲಗೆ ಅಡ್ಡ ಇಳಿಬಿಡುತ್ತಾರೆ. ಕಂಬಕ್ಕೆ ಹಲಗೆ ತಾಗುತ್ತದೆ, ದೋಣಿಗೆ ಸಿಂಬೆ ತಾಗುತ್ತದೆ. ಅದಕ್ಕೆ ‘ಅಡ್ಡಹಲಗೆ’. ಕ್ಲೀಟ್ ಅಂದರೆ ಎರಡು ಕಡೆ ಚಾಚಿದ ಲೋಹದ ಗೂಟ, ಎಂಟರ ಆಕಾರದಲ್ಲಿ ಹಗ್ಗ ಸುತ್ತುವುದು, ಅದಕ್ಕೆ ‘ಕೊಂಬುಗೂಟ’. ಹಗ್ಗದ ಸಡಿಲಕ್ಕೆ ‘ಜೋಲು’.

ಇನ್ನೊಂದು ಸಾಲು ಫಲಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಬೇಕು ಅಂತ ಹಟ ಹಿಡಿದಿದ್ದೇನೆ: ‘ದೋಣಿ ಗುದ್ದುತ್ತಿದ್ದರೆ ಕೈ, ಕಾಲು ಅಡ್ಡ ಕೊಡಬೇಡಿ. ಸಿಂಬೆ ಕೊಡಿ.’ ಜನ ತುಂಬಿದ ದೋಣಿಯ ತೂಕ ಟನ್ ಲೆಕ್ಕದ್ದು. ಮೆಲ್ಲಗೆ ಬಂದರೂ ಕಂಬಕ್ಕೂ ದೋಣಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಇಲ್ಲಿ ‘ಕೊಡು’ ಎರಡು ಸಲ ಬಂದಿದೆ, ಅದು ಬೇಕಂತಲೇ. ಓದುವಾಗ ತೊಡಕಾಗುತ್ತದಾ ಹೇಳಿ.

ಕುಂದಾಪುರ, ಹೊನ್ನಾವರ, ಕಾರವಾರದವರು ಫೆಂಡರಿಗೂ ಸ್ಪ್ರಿಂಗ್ ಲೈನಿಗೂ ಏನಂತೀರಿ, ಮೊದಲು ಅದನ್ನು ಬರೆಯಿರಿ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಇದಕ್ಕೆಲ್ಲ ನಿಮ್ಮಲ್ಲಿ ಮಾತು ಇಲ್ಲದೆ ಇರಲು ಸಾಧ್ಯವಿಲ್ಲ. ಮಳೆಗಾಲಕ್ಕೆ ಮುಂಚೆ ಪೇಂಟರಿಗೆ ಫಲಕ ಕೊಡಬೇಕು. ‘ಸಿಂಬೆ’ಗಿಂತ ಒಳ್ಳೆಯದು ಸಿಕ್ಕರೆ ಖಂಡಿತ ಬದಲಿಸುತ್ತೇನೆ.