ಬೇಲಿ ಸವರಿದ ಮೇಲೆ ಮೈಯೆಲ್ಲ ತುರಿಕೆ, ನೀವೇನು ಮಾಡಿದ್ರಿ?

ಮೂರು ದಿನದ ಹಿಂದೆ ಮನೆ ಹಿಂದಿನ ಬೇಲಿಗೆ ಹಬ್ಬಿದ್ದ ಬಳ್ಳಿ, ಪೊದೆ ಎಲ್ಲ ಸವರಿದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ರಾತ್ರಿಯಿಂದ ಮುಂಗೈ, ಕುತ್ತಿಗೆ, ಒಂದು ಕೆನ್ನೆ ಮೇಲೆ ಗೆರೆ ಗೆರೆಯಾಗಿ ಕೆಂಪು ದದ್ದು ಎದ್ದಿವೆ. ಈಗ ನೀರು ತುಂಬಿದ ಗುಳ್ಳೆ ಆಗಿವೆ. ತುರಿಕೆಗೆ ನಿದ್ದೆಯೇ ಇಲ್ಲ. ಯಾವ ಗಿಡ ಅಂತ ಗೊತ್ತಿಲ್ಲ, ಎಲ್ಲ ಒಟ್ಟಿಗೆ ಕಡಿದು ಗುಡ್ಡೆ ಹಾಕಿದ್ದೇನೆ. ಒಬ್ಬರು ನಿಂಬೆಹಣ್ಣು ಉಜ್ಜು ಅಂತಾರೆ, ಇನ್ನೊಬ್ಬರು ಬಿಸಿನೀರು ಹುಯ್ದುಕೋ ಅಂತಾರೆ, ಮತ್ತೊಬ್ಬರು ಸೀಮೆಎಣ್ಣೆ ಅಂದರು! ಅನುಭವ ಇರುವವರು ದಯವಿಟ್ಟು ಹೇಳಿ. ಗುಳ್ಳೆ ಒಡೆದರೆ ಹರಡುತ್ತಾ? ಮನೆಯಲ್ಲಿ ಪುಟ್ಟ ಮಗು ಇದೆ, ಎತ್ತಿಕೊಳ್ಳೋಕೂ ಹೆದರಿಕೆ.

———

ಸೀಮೆಎಣ್ಣೆ ಹೇಳಿದವರ ಮಾತು ಇನ್ನು ಮುಂದೆ ಯಾವುದಕ್ಕೂ ಕೇಳಬೇಡಿ. ಪೆಟ್ರೋಲ್, ಬ್ಲೀಚ್ ಕೂಡ ಅಷ್ಟೇ. ಉರಿದಿರುವ ಚರ್ಮವನ್ನು ಇನ್ನಷ್ಟು ಸುಡುತ್ತವೆ.

ನಾನು ಮರ ಸವರುವ ಕೆಲಸ ಮಾಡಿದವನು, ಮೂರು ಸಲ ಇದನ್ನು ಅನುಭವಿಸಿದ್ದೇನೆ. ನೀವು ಹೇಳಿದ ಲಕ್ಷಣ, ಅಂದರೆ ಒಂದೆರಡು ದಿನ ಬಿಟ್ಟು ಬಂದಿದ್ದು, ಕೊಂಬೆ ಸವರಿಕೊಂಡು ಹೋದ ಹಾಗೆ ಗೆರೆ ಗೆರೆ, ಮೇಲೆ ಗುಳ್ಳೆ, ಇದು ನೋಡಿದರೆ ಎಣ್ಣೆಯಂಥ ಸೊನೆ ಇರುವ ಗಿಡದ ಕೆಲಸ ಅನ್ನಿಸುತ್ತೆ. ಗೇರಿನ ಜಾತಿಯವು, ಕಾಡುಗೇರು, ಅಮೆರಿಕದವರು ಪಾಯಿಸನ್ ಐವಿ ಅನ್ನುವ ಬಳ್ಳಿ, ಎಲ್ಲ ಒಂದೇ ಕುಟುಂಬ. ಮಾವಿನ ಸೊನೆ ತಾಗಿ ಬಾಯಿ ಸುತ್ತ ಗುಳ್ಳೆ ಏಳುತ್ತಲ್ಲ, ಅದೂ ಇವರ ನೆಂಟನೇ. ಪಾಯಿಸನ್ ಐವಿಯಲ್ಲಿರುವ ಎಣ್ಣೆಗೆ ಉರುಶಿಯಾಲ್ ಅಂತ ಹೆಸರು, ಉಳಿದವುಗಳಲ್ಲೂ ಅದರ ಹತ್ತಿರದ್ದೇ ಇರುತ್ತೆ. ಅದು ಚರ್ಮಕ್ಕೆ ಇಳಿದರೆ ದೇಹವೇ ಅದನ್ನು ಶತ್ರು ಅಂದುಕೊಂಡು ಜಗಳಕ್ಕೆ ನಿಲ್ಲುತ್ತೆ. ಆ ಜಗಳವೇ ದದ್ದು. ಅದಕ್ಕೇ ತಡವಾಗಿ ಬರೋದು. "ನಾನು ಹತ್ತು ಸಲ ಮುಟ್ಟಿದ್ದೇನೆ, ಏನೂ ಆಗಿಲ್ಲ" ಅನ್ನುವವರಿಗೆ ಹನ್ನೊಂದನೇ ಸಲ ಆಗಬಹುದು. ನನಗೆ ಹಾಗೇ ಆಗಿದ್ದು.

ಗುಳ್ಳೆಯ ನೀರಿನಿಂದ ಹರಡಲ್ಲ. ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ. ಆದರೆ ಅದಕ್ಕೂ ಮುಂಚೆ ಅವತ್ತು ಹಾಕಿದ್ದ ಬಟ್ಟೆ, ಚಪ್ಪಲಿ, ಕೈಗವಸು, ಕತ್ತಿ ಎಲ್ಲ ಸೋಪು ಹಾಕಿ ತೊಳೆಯಿರಿ. ಹರಡೋದು ಗುಳ್ಳೆ ಅಲ್ಲ, ಸೊನೆ. ಅದು ಒಣಗಿದರೂ ಸಾಯಲ್ಲ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೇ ಕಾಯುತ್ತಾ ಕೂತಿರುತ್ತೆ. ನಾಯಿ ಇದ್ದರೆ ಅದರ ಮೈ ಕೂದಲಲ್ಲೂ ಇರಬಹುದು. ಉಗುರಿನ ಸಂದಿ ಮರೀಬೇಡಿ.

———

ಇನ್ನೊಂದು ವಿಷಯ. ಗುಡ್ಡೆ ಹಾಕಿದ್ದೀರಲ್ಲ, ಅದಕ್ಕೆ ಬೆಂಕಿ ಹಾಕಬೇಡಿ!! ಹೊಗೆಯ ಜೊತೆ ಸೊನೆ ಒಳಗೆ ಹೋದರೆ ಗಂಟಲು, ಶ್ವಾಸಕೋಶ ಎಲ್ಲ ಊದುತ್ತೆ. ಆಸ್ಪತ್ರೆ ಸೇರಬೇಕಾಗುತ್ತೆ.

———

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒದ್ದೆ ಬಟ್ಟೆ. ನಗಬೇಡಿ. ತೆಳು ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ದದ್ದಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ಹಾಕೋದು. ದಿನಕ್ಕೆ ನಾಲ್ಕೈದು ಸಲ. ಆಮೇಲೆ ಒರೆಸದೆ ಒತ್ತಿ ಒಣಗಿಸಿ ಕ್ಯಾಲಮೈನ್ ಲೋಷನ್. ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಹಚ್ಚಿ, ಇಲ್ಲಾಂದ್ರೆ ಮೇಲಿನ ನೀರು ಮಾತ್ರ ಬರುತ್ತೆ, ಕೆಲಸದ ಪುಡಿ ತಳದಲ್ಲೇ ಉಳಿಯುತ್ತೆ.

ಅಡುಗೆ ಸೋಡಾ ಮೂರು ಪಾಲು, ನೀರು ಒಂದು ಪಾಲು ಕಲಸಿ ಹಚ್ಚಿದರೆ ನೀರು ಸೋರುವ ಗುಳ್ಳೆ ಬೇಗ ಒಣಗುತ್ತೆ. ರಾತ್ರಿ ಮಲಗುವ ಮುಂಚೆ ಓಟ್ಸ್ ನುಣ್ಣಗೆ ಪುಡಿ ಮಾಡಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ನೀರು ಹಾಲಿನ ಹಾಗೆ ಬೆಳ್ಳಗಾಗಬೇಕು, ಅದರಲ್ಲಿ ಕೈ ಅದ್ದಿ ಕೂತ್ಕೊಳ್ಳಿ. ತರಿತರಿಯಾಗಿ ಪುಡಿ ಮಾಡಿದರೆ ಪ್ರಯೋಜನ ಇಲ್ಲ, ತಳಕ್ಕೆ ಕೂರುತ್ತೆ.

ಬಿಸಿನೀರು ಬೇಡ. ನಾನು ಮಾಡಿದ್ದೇನೆ, ಸುಳ್ಳು ಹೇಳಲ್ಲ, ಹುಯ್ದುಕೊಂಡಾಗ ಐದು ನಿಮಿಷ ಎಂಥಾ ಹಿತ ಅಂತೀರಿ! ಆಮೇಲೆ ಅರ್ಧ ರಾತ್ರಿ ಎದ್ದು ಕೂತು ಪರಚಿಕೊಂಡೆ.

———

ನಿಂಬೆಹಣ್ಣಿನ ಬಗ್ಗೆ ನಾನು ಹೇಳಲೇಬೇಕು, ಯಾಕಂದ್ರೆ ನನ್ನ ಮೊಣಕೈ ಹತ್ತಿರ ಇನ್ನೂ ಕಪ್ಪು ಕಲೆ ಇದೆ. ಏನೋ ಗಿಡ ತಾಗಿ ಸ್ವಲ್ಪ ತುರಿಕೆ ಇತ್ತು, ಯಾರೋ ಹೇಳಿದರು ಅಂತ ನಿಂಬೆ ಉಜ್ಜಿಕೊಂಡು ಬಿಸಿಲಲ್ಲಿ ಕೆಲಸಕ್ಕೆ ನಿಂತೆ. ಎರಡು ದಿನಕ್ಕೆ ಸುಟ್ಟ ಗಾಯದ ಥರ ಬೊಬ್ಬೆ. ತುರಿಕೆ ಹೋಯ್ತು, ಉರಿ ಬಂತು. ನಿಂಬೆ ರಸದಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬಿಸಿಲು ಬಿದ್ದರೆ ಚರ್ಮ ಸುಡುವಂಥ ವಸ್ತು ಇದೆಯಂತೆ, ಚರ್ಮದ ಡಾಕ್ಟರು ಹೇಳಿದ್ದು. ಅಂಜೂರದ ಹಾಲಿನಲ್ಲೂ ಅದೇ ಗುಣ ಇದೆ. ಬೊಬ್ಬೆ ಎರಡು ವಾರಕ್ಕೆ ವಾಸಿಯಾಯ್ತು, ಕಲೆ ಮಾತ್ರ ತಿಂಗಳುಗಳಿಂದ ಹೋಗಿಲ್ಲ.

———

ಎಲ್ಲರೂ ಸೊನೆ ಅಂತ ಹೇಳ್ತಿದ್ದೀರಿ, ಆದರೆ ಮುಂದೆ ಓದುವವರಿಗೆ ಬೇರೆ ಥರದ ತುರಿಕೆಯೂ ಇದೆ ಅಂತ ಗೊತ್ತಿರಲಿ. ಎಲ್ಲಕ್ಕೂ ಒಂದೇ ಮದ್ದು ಅಲ್ಲ.

ಮುಟ್ಟಿದ ಕ್ಷಣವೇ ಚುರುಚುರು ಅಂದರೆ ಅದು ತುರಿಕೆ ಸೊಪ್ಪಿನಂಥದ್ದು, ಅಥವಾ ನಸುಗುನ್ನಿ. ನಸುಗುನ್ನಿ ಕಾಯಿ ಮೇಲಿನ ಕಂದು ಬಣ್ಣದ ಸಣ್ಣ ಕೂದಲು ಗಾಳಿಗೆ ಹಾರಿ ಕುತ್ತಿಗೆಗೆ ಬಿದ್ದರೂ ಸಾಕು, ಕುಣಿಸಿಬಿಡುತ್ತೆ. ಇಂಥದ್ದಕ್ಕೆ ಮೊದಲ ಕೆಲಸ ಉಜ್ಜದೇ ಇರೋದು! ಕೈಯಿಂದ ಉಜ್ಜಿದರೆ ಕೂದಲು ಇನ್ನೂ ಒಳಗೆ ಹೋಗುತ್ತೆ, ಮುರಿಯುತ್ತೆ. ಅಗಲದ ಅಂಟು ಟೇಪು ತಗೊಂಡು ಮೆಲ್ಲಗೆ ಒತ್ತಿ, ಕಿತ್ತು ತೆಗೆಯಿರಿ. ಪ್ರತಿ ಸಲ ಹೊಸ ತುಂಡು. ಕೂದಲು ಬಂದ ಮೇಲೆ ಸೋಪು, ನೀರು. ಬಟ್ಟೆ ಬದಲಿಸಿ, ಅದನ್ನು ಬೇರೆ ಬಟ್ಟೆ ಜೊತೆ ನೆನೆಸಬೇಡಿ. ನಮ್ಮ ಮನೇಲಿ ಹಾಗೆ ಮಾಡಿ ಇಡೀ ಸಂಸಾರ ಕೆರೆದುಕೊಂಡಿತ್ತು.

ತಮಾಷೆ ಅಂದ್ರೆ ನಸುಗುನ್ನಿಗೆ ಅಲರ್ಜಿ ಮಾತ್ರೆ ಅಷ್ಟಾಗಿ ನಾಟಲ್ಲ, ಅದರ ತುರಿಕೆಯ ದಾರಿಯೇ ಬೇರೆ. ತುರಿಕೆ ಸೊಪ್ಪಿನದು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ತಾನೇ ಇಳಿಯುತ್ತೆ. ಅದಕ್ಕೇ ಅದಕ್ಕೆ ಯಾವ ಸೊಪ್ಪು ಹಚ್ಚಿದರೂ "ವಾಸಿಯಾಯ್ತು" ಅಂತ ಹೆಸರು ಬರೋದು.

ಕಳ್ಳಿ ಹಾಲಾದರೆ ತಾಗಿದ ತಕ್ಷಣ ಸೋಪಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ಮನೆಮದ್ದೇ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸಿ, ನೇರ ಕಣ್ಣಿನ ಡಾಕ್ಟರ ಹತ್ತಿರ.

———

ನಮ್ಮಜ್ಜಿ ಬೇವು, ಅರಿಶಿನ ಅರೆದು ಹಚ್ಚುತ್ತಿದ್ದರು, ಚೆನ್ನಾಗೇ ಆಗ್ತಿತ್ತು. ಈಗಿನವರಿಗೆ ಎಲ್ಲದಕ್ಕೂ ಲೋಷನ್ನೇ ಬೇಕು ಅಲ್ವಾ.

———

ಅಜ್ಜಿ ಬಗ್ಗೆ ನನಗೇನೂ ತಕರಾರಿಲ್ಲ ಸರ್ :) ಆದರೆ ಈ ದದ್ದು ಏನೂ ಹಚ್ಚದಿದ್ದರೂ ಎರಡು ಮೂರು ವಾರದಲ್ಲಿ ಹೋಗುವಂಥದ್ದು. ಹತ್ತನೇ ದಿನ ಏನು ಹಚ್ಚಿದ್ದೆವೋ ಅದಕ್ಕೇ ಪುಣ್ಯ ಬರುತ್ತೆ. ಅರಿಶಿನ, ಬೇವು ಎರಡೂ ಕೆಲವರ ಚರ್ಮಕ್ಕೆ ಆಗಲ್ಲ, ಮೇಲಾಗಿ ಅರಿಶಿನದ ಹಳದಿಯಲ್ಲಿ ಕೆಂಪು ಜಾಸ್ತಿ ಆಗ್ತಿದೆಯಾ ಕಮ್ಮಿ ಆಗ್ತಿದೆಯಾ ಕಾಣೋದೇ ಇಲ್ಲ. ಬೆಳ್ಳುಳ್ಳಿ ಅಂತೂ ಬೇಡವೇ ಬೇಡ, ಹಸಿಯಾಗಿ ಅರೆದು ಕಟ್ಟಿದರೆ ಒಳ್ಳೆ ಚರ್ಮವೂ ಸುಡುತ್ತೆ.

ಲೋಳೆಸರ ಹಚ್ಚಬಹುದು, ತಂಪು. ಕತ್ತರಿಸಿದ ಕೂಡಲೇ ಹಳದಿ ರಸ ಸುರಿಯುತ್ತಲ್ಲ, ಅದನ್ನು ಪೂರ್ತಿ ಇಳಿಯಲು ಬಿಡಿ, ತೊಳೆಯಿರಿ, ಆಮೇಲೆ ಒಳಗಿನ ಲೋಳೆ ಮಾತ್ರ. ಆ ಹಳದಿ ರಸವೇ ಕೆಲವರಿಗೆ ತುರಿಕೆ ತರುತ್ತೆ. ಕೊಬ್ಬರಿ ಎಣ್ಣೆ ಕೊನೆಗೆ, ಗುಳ್ಳೆ ಒಣಗಿ ಹೊಟ್ಟು ಏಳುವಾಗ ಹಚ್ಚಿ. ಸೊನೆ ತಾಗಿದ ಕೂಡಲೇ ತೊಳೆಯದೆ ಎಣ್ಣೆ ಹಚ್ಚಿದರೆ ಸೊನೆಯನ್ನು ನೀವೇ ಮೈಗೆಲ್ಲ ಸವರಿದ ಹಾಗೆ.

———

ಇಷ್ಟು ವರ್ಷ ನರ್ಸ್ ಕೆಲಸ ಮಾಡಿದ ಧೈರ್ಯದಲ್ಲಿ ಹೇಳ್ತಿದ್ದೇನೆ. ಕೆನ್ನೆ ಮೇಲಿದೆ ಅಂದ್ರಲ್ಲ, ಅದರ ಮೇಲೆ ಕಣ್ಣಿಡಿ. ಕಣ್ಣಿನ ರೆಪ್ಪೆ ಊದಿದರೆ, ಬಾಯೊಳಗೆ ಅಥವಾ ಗುಪ್ತಾಂಗದ ಹತ್ತಿರ ಬಂದರೆ, ಮೈಯ ಕಾಲು ಭಾಗದಷ್ಟು ಹರಡಿದರೆ, ಜ್ವರ ಬಂದರೆ, ಕೀವು ಕಂಡರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ. ಉಸಿರಾಟ ಕಷ್ಟ ಆದರೆ ಒಂದು ನಿಮಿಷವೂ ಕಾಯಬೇಡಿ.

ಒಂದು ಶೇಕಡಾ ಹೈಡ್ರೋಕಾರ್ಟಿಸೋನ್ ಕ್ರೀಮು, ಅಂದರೆ ಸೌಮ್ಯ ಸ್ಟೀರಾಯ್ಡ್ ಮುಲಾಮು, ಸಣ್ಣ ದದ್ದಿಗೆ ಕೆಲವು ದಿನ ಹಚ್ಚಬಹುದು, ಒಡೆದ ಗುಳ್ಳೆಗೆ ಬೇಡ. ಯಾರದೋ ಮನೇಲಿ ಉಳಿದ ಜೋರು ಸ್ಟೀರಾಯ್ಡ್ ಮುಲಾಮನ್ನು ಮುಖಕ್ಕೆ ಬಳಿಯಬೇಡಿ. ಅಲರ್ಜಿ ಮಾತ್ರೆ ಈ ತುರಿಕೆಗೆ ಅಷ್ಟೇನೂ ಸಹಾಯ ಮಾಡಲ್ಲ, ಮಂಪರು ಬರಿಸುವ ಮಾತ್ರೆಯಾದರೆ ನಿದ್ದೆಗೆ ಅನುಕೂಲ, ಅಷ್ಟೇ. ಅದನ್ನು ತಗೊಂಡು ಗಾಡಿ ಓಡಿಸಬೇಡಿ. ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ನಾಲ್ಕು ದಿನಕ್ಕೆ ಆರಾಮಾಯ್ತು ಅಂತ ನೀವೇ ನಿಲ್ಲಿಸಬೇಡಿ. ಎರಡು ಮೂರು ವಾರ ನಿಧಾನವಾಗಿ ಇಳಿಸುತ್ತಾರೆ, ಮಧ್ಯೆ ಬಿಟ್ಟರೆ ದದ್ದು ಮತ್ತೆ ಏಳುತ್ತೆ.

ಗುಳ್ಳೆ ಬೇಕಂತ ಒಡೆಯಬೇಡಿ. ಉಗುರು ಗಿಡ್ಡ ಕತ್ತರಿಸಿ.

———

ಕೇಳಿದವನೇ ಬರೀತಿದ್ದೇನೆ, ಇವತ್ತು ಹದಿನೈದನೇ ದಿನ. ಎಲ್ಲರಿಗೂ ಥ್ಯಾಂಕ್ಸ್.

ಒದ್ದೆ ಬಟ್ಟೆ ಮತ್ತು ಸೋಡಾ ನನಗೆ ಹಿಡಿಸಿತು. ಓಟ್ಸ್ ನೀರಿನಲ್ಲಿ ಕೈ ಅದ್ದಿ ಕೂರುವಷ್ಟು ತಾಳ್ಮೆ ನನಗಿಲ್ಲ, ಎರಡು ದಿನ ಮಾಡಿ ಬಿಟ್ಟೆ. ಆರನೇ ದಿನ ಕೆನ್ನೆ ಇಳಿಯುತ್ತಿದ್ದಾಗಲೇ ಬಲಗೈ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಹೊಸ ಗುಳ್ಳೆ. ಹರಡಲ್ಲ ಅಂದಿದ್ರಲ್ಲ ಅಂತ ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ನೋಡಿದರೆ ಕತ್ತಿ ತೊಳೆದಿದ್ದೆ, ಆದರೆ ಅದರ ಹಿಡಿಗೆ ಸುತ್ತಿದ್ದ ಹಳೇ ಬಟ್ಟೆ ತೆಗೆದಿರಲಿಲ್ಲ! ಮಧ್ಯೆ ಒಂದು ದಿನ ಅದೇ ಕತ್ತಿಯಲ್ಲಿ ಏನೋ ಕಡಿದಿದ್ದೆ. ಆ ಬಟ್ಟೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಾಕಿದೆ, ಹಿಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ಉಜ್ಜಿದೆ. ಅಲ್ಲಿಂದ ಹೊಸದು ಬಂದಿಲ್ಲ. ಮಗುವಿಗೆ ಏನೂ ಆಗಲಿಲ್ಲ.

ಗುಡ್ಡೆ ಹಾಗೇ ಒಣಗಿ ಬಿದ್ದಿದೆ, ಸುಟ್ಟಿಲ್ಲ. ಬಳ್ಳಿಯ ಬುಡ ಬೇಲಿ ಪಕ್ಕದಲ್ಲಿ ಆಗಲೇ ಚಿಗುರುತ್ತಿದೆ. ಬೇರು ಸಮೇತ ಕಿತ್ತವರು ಯಾರಾದರೂ ಇದ್ದರೆ ಹೇಗೆ ಕಿತ್ತಿರಿ ಹೇಳಿ.

———

ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ಹಾಕಿ, ಮಣ್ಣು ಒದ್ದೆ ಇರುವಾಗ ಕೀಳಿ, ಬೇರು ತುಂಡಾಗದೆ ಬರುತ್ತೆ. ಬೇರಿನಲ್ಲೂ ಸೊನೆ ಇರುತ್ತೆ, ಒಣಗಿದ ಬಳ್ಳಿಯಲ್ಲೂ ಇರುತ್ತೆ, ಹಾಗಾಗಿ ಆ ಗುಡ್ಡೆಯನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ತೆಗೆಯುವಾಗ ಒಳಮೈ ಹೊರಗೆ ಬರುವ ಹಾಗೆ ಮಗುಚಿ ತೆಗೆಯಿರಿ. ಕೆಲಸ ಮುಗಿದ ಕೂಡಲೇ, ಹತ್ತು ನಿಮಿಷದೊಳಗೆ ಆದರೆ ಒಳ್ಳೇದು, ತಣ್ಣೀರು ಮತ್ತು ಸೋಪು ಹಾಕಿ ಒರಟು ಬಟ್ಟೆಯಲ್ಲಿ ಕೈ ಉಜ್ಜಿ ತೊಳೆಯಿರಿ. ಬರೀ ನೀರಲ್ಲಿ ತೊಳೆದರೆ ಸೊನೆ ಹೋಗಲ್ಲ, ಎಣ್ಣೆ ಅಲ್ವಾ.