ಪದಚರ್ಚೆ: ಐಡ್ಲಿಂಗಿನಲ್ಲಿ ಇಂಜಿನ್ ಅದುರುವುದೋ, ಕುಲುಕುವುದೋ, ಅಲ್ಲಾಡುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರು ಓಡಿಸುವವರಿಗೆಂದು ಸಣ್ಣದೊಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಶೇಕ್ ಆಗುವುದರ ಬಗ್ಗೆ ಒಂದು ಅಧ್ಯಾಯವಿದೆ. ಕೈಯಲ್ಲಿರುವ ಕರಡಿನಲ್ಲಿ ಅದರ ತಲೆಬರಹ ‘ನಿಷ್ಕ್ರಿಯ ಸ್ಥಿತಿಯಲ್ಲಿ ಇಂಜಿನ್ ಕಂಪನ’ ಎಂದಿದೆ. ಎರಡು ಪದಗಳೂ ನನಗೆ ಒಗ್ಗುತ್ತಿಲ್ಲ.

‘ನಿಷ್ಕ್ರಿಯ’ದ್ದು ಬೇಗ ಮುಗಿಯುವ ಮಾತು. ನಿಂತಿರುವುದು ಕಾರು, ಇಂಜಿನ್ ಅಲ್ಲ. ಬಿಸಿಯೇರಿದ ಪೆಟ್ರೋಲ್ ಇಂಜಿನ್ ಆಗಲೂ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಲೇ ಇರುತ್ತದೆ. ಗ್ಯಾರೇಜಿನಲ್ಲಿ ಇದು ‘ಐಡ್ಲಿಂಗ್’, ಹಳಬರ ಬಾಯಲ್ಲಿ ‘ಸ್ಲೋ’. ಕಾರ್ಬ್ಯುರೇಟರ್ ಇದ್ದಾಗ ಸ್ಕ್ರೂ ತಿರುಗಿಸಿ ಸ್ಲೋ ಏರಿಸುತ್ತಿದ್ದರು, ಇಳಿಸುತ್ತಿದ್ದರು. ಈಗ ಆ ಕೆಲಸ ಇಸಿಯುವಿನದು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿನದು. ನಾನು ‘ಐಡ್ಲಿಂಗ್’ ಎಂದೇ ಬರೆಯುತ್ತೇನೆ.

ನನ್ನ ತಕರಾರಿರುವುದು ‘ಕಂಪನ’ದ ಮೇಲೆ. ಬೇರೆ ಬೇರೆ ಕಾರಣಗಳಿಂದ ಬರುವ, ಬೇರೆ ಬೇರೆ ರಿಪೇರಿ ಬೇಡುವ ದೂರುಗಳನ್ನೆಲ್ಲ ಅದು ಒಂದೇ ಗೋಣಿಚೀಲಕ್ಕೆ ತುಂಬುತ್ತದೆ. ಆಡುಮಾತಿನ ಕ್ರಿಯಾಪದಗಳಾದರೋ ಅವನ್ನು ತಾವಾಗಿಯೇ ಬೇರ್ಪಡಿಸುತ್ತವೆ.

ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. 800 ಸುತ್ತಿನ ಐಡ್ಲಿಂಗಿನಲ್ಲಿ ಎಲ್ಲ ಸೇರಿ ಸೆಕೆಂಡಿಗೆ ಸುಮಾರು 27 ಸಲ. ಅಷ್ಟು ಬೇಗ ಬೀಳುವ ಪೆಟ್ಟು ಬಿಡಿಬಿಡಿಯಾಗಿ ತಿಳಿಯದು. ಸ್ಟೀರಿಂಗ್ ಮೇಲಿಟ್ಟ ಬೆರಳು ಸಣ್ಣಗೆ ಜುಮುಗುಟ್ಟುತ್ತದೆ, ಅಷ್ಟೆ. ಇದಕ್ಕೆ ‘ಅದುರು’ ಸರಿಹೊಂದುತ್ತದೆ. ಅಳು ಬರುವಾಗ ತುಟಿ ಅದುರುವುದೂ ಹೀಗೇ. ಮೂರು ಸಿಲಿಂಡರಿನ ಇಂಜಿನ್‌ಗಳು (ಮಾರುತಿ 800ರದ್ದೂ ಮೂರೇ) ಹುಟ್ಟಿನಿಂದಲೇ ತುಸು ಹೆಚ್ಚು ಅದುರುತ್ತವೆ, ಅದು ದೋಷವಲ್ಲ.

ಅದೇ ನಾಲ್ಕರಲ್ಲಿ ಒಂದು ಸಿಲಿಂಡರ್ ಉರಿಯದೆ ಹೋಯಿತೆನ್ನಿ. ಆಗ ಆ ತೆರಪು ಸೆಕೆಂಡಿಗೆ ಆರೇಳು ಸಲ ಮರುಕಳಿಸುತ್ತದೆ. ಇದು ಬೆರಳಿಗಲ್ಲ, ಸೀಟಿನಲ್ಲಿ ಕೂತವರ ಸೊಂಟಕ್ಕೇ ಗೊತ್ತಾಗುತ್ತದೆ: ದಡ್, ದಡ್, ದಡ್. ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ‘ಮಿಸ್ಸಿಂಗ್ ಹೊಡೀತಿದೆ ಸಾರ್’ ಅನ್ನುವುದು ಈ ತಾಳ ಕೇಳಿಯೇ. ಇಲ್ಲಿ ‘ಕುಲುಕು’ ಬೇಕು. ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದರ್ಥ. ಅಷ್ಟಕ್ಕೇ ಹೊಸ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಕೊಳ್ಳಬಾರದು. ಎರಡನೆಯದರ ಕಾಯಿಲನ್ನು ಮೂರಕ್ಕೂ ಮೂರರದ್ದನ್ನು ಎರಡಕ್ಕೂ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಬೇಕು. ಕೋಡ್ ಪಿ0303 ಆದರೆ ತಪ್ಪು ಕಾಯಿಲಿನದು. ಎರಡರಲ್ಲೇ ಉಳಿದರೆ ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ ನೋಡುವುದು, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಅದರಿಂದಲೂ ಬಗೆಹರಿಯದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳತೆ. ಸ್ಕ್ಯಾನರ್ ಇಲ್ಲದವರು ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಬಿಚ್ಚಿದಾಗ ಇಂಜಿನ್ ಇನ್ನಷ್ಟು ಕುಂಟಬೇಕು. ಯಾವುದನ್ನು ಬಿಚ್ಚಿದರೆ ಏನೂ ವ್ಯತ್ಯಾಸವಾಗದೋ ಸತ್ತಿರುವುದು ಆ ಸಿಲಿಂಡರ್. ಇಂಜಿನ್ ದೀಪ ಮಿಣುಕುತ್ತಿದ್ದರಂತೂ ಓಡಿಸಲೇಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ, ಅದರ ಬೆಲೆಗೆ ಕಾಯಿಲುಗಳ ರಾಶಿಯೇ ಬರುತ್ತದೆ.

ಇಂಜಿನ್ ಸರಿಯಾಗಿಯೇ ಉರಿಯುತ್ತಿದ್ದು, ಅದನ್ನು ಹಿಡಿದಿಟ್ಟ ರಬ್ಬರ್ ಮೌಂಟಿಂಗ್ ಹರಿದಿದ್ದರೆ? ಇದು ‘ಅಲ್ಲಾಡು’. ಬಿಗಿಯಾಗಿರಬೇಕಾದದ್ದು ಸಡಿಲಗೊಂಡಿದೆ ಎಂಬ ಅರ್ಥ ಆ ಕ್ರಿಯಾಪದದಲ್ಲೇ ಅಡಗಿದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ತುಳಿದು ಡಿ ಗೇರಿನಲ್ಲಿ ನಿಂತಾಗ ಜೋರಾಗಿದ್ದು, ನ್ಯೂಟ್ರಲ್‌ಗೆ ತಂದ ಕೂಡಲೇ ಇಳಿದರೆ ಮೊದಲ ಅನುಮಾನ ಮೌಂಟಿಂಗ್ ಮೇಲೆ. ಇಲ್ಲಿ ಪ್ಲಗ್ ಬದಲಿಸಿ ಫಲವಿಲ್ಲ.

ನಾಲ್ಕನೆಯದೊಂದಿದೆ. ಆರ್‌ಪಿಎಂ ಮುಳ್ಳು ಏರುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ಗಾಡಿ ಆಫೇ ಆಗಿಬಿಡುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಸರಿಹೋಗುತ್ತದೆ. ಐಡ್ಲಿಂಗಿನಲ್ಲಿ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಕವಾಟ) ಹೆಚ್ಚುಕಡಿಮೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಗಾಳಿಗಾಗಿ ಜೋರಾಗಿ ಎಳೆಯುತ್ತಿರುತ್ತದೆ. ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪಿನಿಂದ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿದರೆ ಪೆಟ್ರೋಲ್–ಗಾಳಿಯ ಪ್ರಮಾಣ ಕೆಡುತ್ತದೆ. ರೇಸ್ ಕೊಟ್ಟಾಗ ಒಟ್ಟು ಗಾಳಿಯೇ ಹೆಚ್ಚುವುದರಿಂದ ಆ ಸೋರಿಕೆ ಲೆಕ್ಕಕ್ಕಿಲ್ಲದಂತಾಗುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೂ ಹೀಗಾಗುವುದುಂಟು. ಅದನ್ನು ತೊಳೆದ ಮೇಲೆ ಹಲವು ಗಾಡಿಗಳಲ್ಲಿ ಇಸಿಯುಗೆ ಐಡ್ಲಿಂಗ್ ಮತ್ತೆ ಕಲಿಸಬೇಕಾಗುತ್ತದೆ. ಗ್ಯಾರೇಜಿನವರು ಇದನ್ನು ‘ಹಂಟಿಂಗ್’ ಅನ್ನುತ್ತಾರೆ. ನಾನು ‘ಹೊಯ್ದಾಡು’ ಎಂದಿಟ್ಟಿದ್ದೇನೆ. ಮನಸ್ಸು ಹೊಯ್ದಾಡುತ್ತದೆ, ದೀಪ ಹೊಯ್ದಾಡುತ್ತದೆ, ಇಂಜಿನ್ ಯಾಕೆ ಹೊಯ್ದಾಡಬಾರದು?

ಇನ್ನು ಕೇಳಬೇಕಾದದ್ದು. ‘ಮಿಸ್ಸಿಂಗ್’ಗೆ ಕರಡಿನಲ್ಲಿ ‘ದಹನಲೋಪ’ ಎಂದಿದೆ. ಓದಿದರೆ ಪ್ಲಗ್ ನೆನಪಾಗುವ ಬದಲು ಸಂಧಿ ಪ್ರಕರಣ ನೆನಪಾಗುತ್ತದೆ. ‘ಮಿಸ್ಸಿಂಗ್’ ಎಂದೇ ಉಳಿಸಿಕೊಳ್ಳುವ ಮನಸ್ಸಿದೆ, ಆಕ್ಷೇಪವಿದ್ದವರು ತಿಳಿಸಿ. ಇನ್ನೊಂದು, ಧಾರವಾಡ, ಬೆಳಗಾವಿ ಕಡೆಯವರಿಗೆ: ‘ಗಾಡಿ ನಡಗಾಕತ್ತೈತಿ’ ಅಂದಾಗ ನಿಮಗೆ ಕೇಳಿಸುವುದು ನಾನು ಹೇಳಿದ ಅದುರುವಿಕೆಯೋ, ಕುಲುಕಾಟವೋ, ಅಥವಾ ಎರಡಕ್ಕೂ ಅದೇ ಮಾತೋ? ಎರಡಕ್ಕೂ ಅದೇ ಎಂದಾದರೆ ಕೈಪಿಡಿಯಲ್ಲಿ ಅಲ್ಲಿಯ ಓದುಗರಿಗೆ ಒಂದು ಸಾಲು ಹೆಚ್ಚಿಗೆ ಬರೆಯಬೇಕಾಗುತ್ತದೆ.